ಆರ್ಲ್: ನದಿ ಕಾಪಿಟ್ಟ ಚರಿತ್ರೆ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ರೋನ್ ನದಿಯು ಮೆಡಿಟರೇನಿಯನ್ ಸಮುದ್ರವನ್ನು ಸೇರುವ ಮುನ್ನ ಕವಲೊಡೆಯುವ ಸ್ಥಳದಲ್ಲಿ, ಆರ್ಲ್ ಎಂಬ ಪುರಾತನ ನಗರವೊಂದಿದೆ. ಸ್ವಿಟ್ಜರ್ಲೆಂಡಿನ ಹಿಮನದಿಯೊಂದರಲ್ಲಿ ಹುಟ್ಟಿ 812 ಕಿಲೋಮೀಟರು ಹರಿದುಬರುವ ಈ ನದಿ, ಆರ್ಲಿಗೆ ತುಸು ಮೇಲ್ಗಡೆ ಹಿರಿಯ ರೋನ್, ಕಿರಿಯ ರೋನ್ ಎಂದು ಇಬ್ಭಾಗವಾಗುತ್ತದೆ. ಈ ಎರಡು ತೋಳುಗಳ ನಡುವೆ ಸಿಕ್ಕಿದ ನೆಲಕ್ಕೆ ಕಮಾರ್ಗ್ ಎಂದು ಹೆಸರು. ಜೌಗು, ಉಪ್ಪುನೀರಿನ ಸರೋವರ, ಜೊಂಡು ಬೆಳೆದ ಹಿನ್ನೀರು, ಬತ್ತದ ಗದ್ದೆ, ಮರಳ ದಿಬ್ಬ ಇವೆಲ್ಲ ಕೂಡಿದ ಆ ನದೀಮುಖಜ ಭೂಮಿಗೆ ಆರ್ಲ್ ಹೆಬ್ಬಾಗಿಲು. ನಗರದ ಹಳೆಯ ಹೆಸರು ಆರೆಲಾತೆ. ಕೆಲ್ಟರ ಭಾಷೆಯಲ್ಲಿ 'ಜೌಗಿನ ಎದುರಿಗಿರುವ ಊರು' ಎಂದು ಅದಕ್ಕೆ ಪಂಡಿತರು ಅರ್ಥ ಹೇಳುತ್ತಾರೆ.

ಈ ಊರಿನಲ್ಲಿ ನಾನು ಕೆಲವು ದಿನಗಳಿದ್ದೆ. ಆರ್ಲಿಗೆ ಬಂದ ಪ್ರವಾಸಿಗನನ್ನು ಮೊದಲು ಕರೆದೊಯ್ಯುವುದು ಅಲ್ಲಿಯ ವರ್ತುಲ ರಂಗಮಂದಿರಕ್ಕೆ. ನನ್ನನ್ನೂ ಅಲ್ಲಿಗೇ ಕರೆದೊಯ್ದರು. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ರೋಮನರು ಕಟ್ಟಿದ ಈ ಮಂದಿರದಲ್ಲಿ ಇಪ್ಪತ್ತು ಸಾವಿರ ಜನ ಕುಳಿತು ಮಲ್ಲರ ಕಾಳಗವನ್ನು ನೋಡಬಹುದಾಗಿತ್ತು. ಸಾಮ್ರಾಜ್ಯ ಕುಸಿದ ಮೇಲೆ ಜನ ಅದರ ಗೋಡೆಗಳನ್ನೇ ಕೋಟೆ ಮಾಡಿಕೊಂಡು ಒಳಗೆ ಮನೆ ಕಟ್ಟಿದರು. ಇನ್ನೂರಕ್ಕೂ ಹೆಚ್ಚು ಮನೆಗಳು, ಎರಡು ಪ್ರಾರ್ಥನಾಮಂದಿರಗಳು ಅದರ ಹೊಟ್ಟೆಯೊಳಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನೆಲ್ಲ ತೆರವು ಮಾಡಿ ರೋಮನರ ಕಲ್ಲನ್ನು ಮರಳಿ ಬೆಳಕಿಗೆ ತಂದರು. ಹತ್ತಿರದಲ್ಲಿಯೇ ರಂಗಶಾಲೆಯಿದೆ, ನದಿಯ ದಡದಲ್ಲಿ ಕಾನ್‌ಸ್ಟಂಟೈನನ ಹೆಸರಿನ ಸ್ನಾನಗೃಹವಿದೆ, ಚೌಕದ ನಡುವೆ ಒಂದು ಕಾಲಕ್ಕೆ ರಥದೋಟದ ಬಯಲಿನಲ್ಲಿದ್ದ ಕಲ್ಲಿನ ಕಂಬವಿದೆ. 1981ರಲ್ಲಿ ಇವೆಲ್ಲವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು.

ನೋಡಿದಷ್ಟೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಬೆಳೆಯುತ್ತ ಹೋಯಿತು. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಕಟ್ಟಡಗಳನ್ನು ಕಟ್ಟಿಸಿಕೊಳ್ಳುವ ಐಶ್ವರ್ಯ ಎಲ್ಲಿಂದ ಬಂತು? ಕಲ್ಲುಗಳು ಇದಕ್ಕೆ ಉತ್ತರ ಹೇಳುವುದಿಲ್ಲ. ಉತ್ತರ ನದಿಯಲ್ಲಿದೆ. ಅದರಲ್ಲಿಯೂ ನದಿ ಹೊತ್ತು ತರುವ ಹೂಳಿನಲ್ಲಿದೆ.

ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗಾಯಸ್ ಮಾರಿಯಸ್ ಎಂಬ ರೋಮನ್ ಸೇನಾಪತಿ, ಉತ್ತರದಿಂದ ನುಗ್ಗಿಬರುತ್ತಿದ್ದ ಬುಡಕಟ್ಟುಗಳನ್ನು ಎದುರಿಸಲು ಈ ಸೀಮೆಯಲ್ಲಿ ಬೀಡುಬಿಟ್ಟಿದ್ದ. ಸೈನ್ಯಕ್ಕೆ ಬೇಕಾದ ಧಾನ್ಯ ಸಮುದ್ರದ ಮಾರ್ಗವಾಗಿ ಬರಬೇಕು. ರೋನಿನ ಅಳಿವೆಯೋ ಮರಳು ಮತ್ತು ಕೆಸರಿನಿಂದ ಕಟ್ಟಿಕೊಂಡಿತ್ತು. ಮಾರಿಯಸ್ ಸುಮ್ಮನೆ ಕುಳಿತಿದ್ದ ಸೈನಿಕರ ಕೈಗೆ ಸಲಿಕೆ ಕೊಟ್ಟು ನದಿಯಿಂದ ಸಮುದ್ರಕ್ಕೆ ಹೊಸ ಕಾಲುವೆಯನ್ನು ತೋಡಿಸಿದ. ಯುದ್ಧ ಗೆದ್ದ ಮೇಲೆ ಅದನ್ನು ಮಾರ್ಸೇಲ್ಸಿನ ಗ್ರೀಕರಿಗೆ ಬಹುಮಾನವಾಗಿ ಕೊಟ್ಟ. ಅವರು ಹೋಗಿಬರುವ ಹಡಗುಗಳಿಂದ ಸುಂಕ ಎತ್ತಿ ಶ್ರೀಮಂತರಾದರೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಆ ಕಾಲುವೆ ಇಂದಿಲ್ಲ. ಆದರೆ ಲ್ಯಾಟಿನ್ನಿನಲ್ಲಿ 'ಫೊಸ್ಸೆ' ಎಂದರೆ ಕಾಲುವೆ. ಆ ಮಾತು ಫೋಸ್ ಎಂಬ ಕರಾವಳಿಯ ಊರಿನ ಹೆಸರಾಗಿ ಇಂದಿಗೂ ಉಳಿದಿದೆ.

ಮಾರ್ಸೇಲ್ಸಿನ ಈ ಭಾಗ್ಯ ಅರ್ಧ ಶತಮಾನವಷ್ಟೇ ನಡೆಯಿತು. ಸೀಸರನಿಗೂ ಪಾಂಪೆಗೂ ಅಂತರ್ಯುದ್ಧ ಹತ್ತಿದಾಗ ಮಾರ್ಸೇಲ್ಸ್ ಪಾಂಪೆಯ ಪಕ್ಷವನ್ನು ವಹಿಸಿತು. ಕ್ರಿ.ಪೂ. 49ರಲ್ಲಿ ಅದನ್ನು ಮುತ್ತಿದ ಸೀಸರನಿಗೆ ಯುದ್ಧನೌಕೆಗಳು ಬೇಕಾದವು. ಆರ್ಲಿನ ಬಡಗಿಗಳು, ಮರ ಕಡಿದ ದಿನದಿಂದ ಎಣಿಸಿ ಮೂವತ್ತೇ ದಿನಗಳಲ್ಲಿ, 12 ಹಡಗುಗಳನ್ನು ಕಟ್ಟಿ ನೀರಿಗಿಳಿಸಿದರೆಂದು ಸೀಸರನೇ ತನ್ನ ಯುದ್ಧವೃತ್ತಾಂತದಲ್ಲಿ ಹೇಳಿಕೊಂಡಿದ್ದಾನೆ. ಮಾರ್ಸೇಲ್ಸ್ ಸೋತಿತು. ಮೂರು ವರ್ಷಗಳ ಮೇಲೆ ಸೀಸರನ ಆರನೆಯ ದಳದ ನಿವೃತ್ತ ಯೋಧರಿಗೆ ಆರ್ಲಿನಲ್ಲಿ ಭೂಮಿ ಹಂಚಿ, ಅದನ್ನು ರೋಮನ್ ವಸಾಹತನ್ನಾಗಿ ಮಾಡಿದರು. ಮೂವತ್ತು ದಿನಗಳಲ್ಲಿ ಹನ್ನೆರಡು ಹಡಗು ಕಟ್ಟಬಲ್ಲ ಬಡಗಿಗಳು ಒಂದು ಊರಿನಲ್ಲಿ ಇದ್ದರೆಂದರೆ, ಅದು ಆಗಲೇ ಪಳಗಿದ ರೇವುಪಟ್ಟಣವಾಗಿತ್ತು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಈ ರೇವಿನ ಕಸುಬೇನೆಂಬುದನ್ನು ತುಸು ವಿವರಿಸಬೇಕು. ಸಮುದ್ರದ ಹಡಗಿಗೆ ಆಳವಾದ ನೀರು ಬೇಕು. ಅದು ಆರ್ಲಿನಿಂದ ಮೇಲಕ್ಕೆ ಹೋಗಲಾರದು. ನದಿಯ ದೋಣಿಗೆ ಚಪ್ಪಟೆಯಾದ ತಳ. ಅದು ಸಮುದ್ರದ ಅಲೆಗೆ ತಡೆಯಲಾರದು. ಎರಡೂ ಸಂಧಿಸುವ ತಾಣ ಆರ್ಲ್. ಸ್ಪೇನಿನ ಎಣ್ಣೆ, ಇಟಲಿಯ ಮದ್ಯ, ಆಫ್ರಿಕದ ಮೀನಿನ ರಸ ಎರಡು ಹಿಡಿಗಳ ಮಣ್ಣಿನ ಜಾಡಿಗಳಲ್ಲಿ ಬಂದು ಇಲ್ಲಿ ದೋಣಿಗಿಳಿಯುತ್ತಿದ್ದವು. ಒಳನಾಡಿನ ಧಾನ್ಯ, ಮರ, ಕಲ್ಲು ಇಲ್ಲಿ ಹಡಗಿಗೇರುತ್ತಿದ್ದವು. ಕೆಳಕ್ಕೆ ಬರುವ ದೋಣಿಗೆ ನದಿಯ ಸೆಳವೇ ಸಾಕು. ಮೇಲಕ್ಕೆ ಹೋಗಬೇಕಾದಾಗ ಸೆಳವೂ ಎದುರು, ಉತ್ತರದಿಂದ ಕಣಿವೆಯುದ್ದಕ್ಕೂ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿಯೂ ಎದುರು. ಆಗ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ದಡದ ಮೇಲೆ ನಡೆಯುತ್ತ ದೋಣಿಯನ್ನು ಎಳೆಯುವ ಆಳುಗಳು ಬೇಕು. ನಾನಿದ್ದಾಗ ಎರಡು ದಿನ ಮಿಸ್ತ್ರಾಲ್ ಬೀಸಿತು. ಸೇತುವೆಯ ಮೇಲೆ ಬರಿಗೈಯಲ್ಲಿ ನಡೆಯುವುದೇ ಕಷ್ಟವಾಯಿತು. ಇಂಥ ಗಾಳಿಗೆ ಎದೆಕೊಟ್ಟು ಹೊರೆಯ ದೋಣಿಯನ್ನು ಎಳೆದವರ ಮೈ ಎಂಥದಿದ್ದೀತು ಎಂದು ಆಗ ನೆನೆದೆ.

ರೇವಿನ ಜನ ಶ್ರೇಣಿಗಳಾಗಿ ಸಂಘಟಿತರಾಗಿದ್ದರು. ಹಡಗಿನ ಒಡೆಯರು, ಹಡಗು ಕಟ್ಟುವ ಬಡಗಿಗಳು, ನದಿಯ ನಾವಿಕರು, ಇವರಲ್ಲದೆ 'ಉತ್ರಿಕುಲಾರಿ' ಎಂಬ ತೊಗಲಿನವರು ಬೇರೆ ಇದ್ದರು. ಇವರು ಗಾಳಿ ತುಂಬಿದ ತೊಗಲಚೀಲಗಳ ಮೇಲೆ ತೆಪ್ಪ ಕಟ್ಟಿ ಜೌಗಿನಲ್ಲಿ ಸಾಮಾನು ಸಾಗಿಸುತ್ತಿದ್ದರೆಂದು ಕೆಲವು ವಿದ್ವಾಂಸರು, ತೊಗಲಚೀಲಗಳಲ್ಲಿ ಮದ್ಯ ಹೊರುತ್ತಿದ್ದರೆಂದು ಮತ್ತೆ ಕೆಲವರು ವಾದಿಸುತ್ತಾರೆ. ತುಂಗಭದ್ರೆಯ ಹರಿಗೋಲನ್ನು ಬಲ್ಲ ನನಗೆ ಮೊದಲನೆಯ ಪಕ್ಷದ ಕಡೆಗೇ ಒಲವು.

ಆರ್ಲಿನ ಶ್ರೇಣಿಗಳ ವಿಷಯವಾಗಿ ಒಂದು ಅಪೂರ್ವವಾದ ಶಾಸನ ದೊರೆತಿದೆ. ದೊರೆತದ್ದು ಆರ್ಲಿನಲ್ಲಲ್ಲ, ಸಾವಿರಾರು ಕಿಲೋಮೀಟರು ದೂರದ ಬೈರೂತಿನಲ್ಲಿ. ಕಂಚಿನ ತಗಡಿನ ಮೇಲೆ ಕೊರೆದ ಈ ಪತ್ರ ಕ್ರಿ.ಶ. ಮೂರನೆಯ ಶತಮಾನದ ಆರಂಭದ್ದು. ರೋಮ್ ನಗರಕ್ಕೆ ಧಾನ್ಯ ಒದಗಿಸುವ ಇಲಾಖೆಯ ಹಿರಿಯ ಅಧಿಕಾರಿ ತನ್ನ ಕೈಕೆಳಗಿನವನಿಗೆ ಬರೆದದ್ದು. ಆರ್ಲಿನ ಸಮುದ್ರನಾವಿಕರ ಐದು ಶ್ರೇಣಿಗಳವರು ತೂಕದಲ್ಲಿ ತಮಗೆ ಅನ್ಯಾಯವಾಗುತ್ತಿದೆಯೆಂದು ದೂರಿದ್ದಾರೆ. ಇದು ಹೀಗೆಯೇ ನಡೆದರೆ ಬೇಗನೆ ಸೇವೆಯನ್ನು ನಿಲ್ಲಿಸಿಬಿಡುವುದಾಗಿಯೂ ಎಚ್ಚರಿಸಿದ್ದಾರೆ. ಆದುದರಿಂದ ಮೊಹರು ಹಾಕಿಸಿ, ಹೊರೆಯ ಜೊತೆಗೆ ಕಚೇರಿಯ ಕಾವಲಿನವರನ್ನು ಕಳುಹಿಸಿ, ಹೇರಿದಷ್ಟೇ ತೂಕ ರೋಮಿನಲ್ಲಿ ಇಳಿಯುವಂತೆ ನೋಡಿಕೊಳ್ಳತಕ್ಕದ್ದು. ಪತ್ರದ ಸಾರಾಂಶ ಇಷ್ಟು. ಚಕ್ರವರ್ತಿಗಳ ಶಾಸನಗಳು ಎಲ್ಲೆಲ್ಲಿಯೂ ಸಿಗುತ್ತವೆ. ದುಡಿಯುವವರು ಕೆಲಸ ನಿಲ್ಲಿಸುತ್ತೇವೆಂದು ಗದರಿಸಿದ್ದು, ಆ ಗದರಿಕೆಗೆ ಸಾಮ್ರಾಜ್ಯ ಬೆದರಿದ್ದು ಕಂಚಿನಲ್ಲಿ ಉಳಿದುಬಂದಿರುವುದು ಅಪರೂಪ.

ನಾಲ್ಕನೆಯ ಶತಮಾನದ ಕವಿ ಔಸೋನಿಯಸ್ ಆರ್ಲನ್ನು ಅವಳಿ ನಗರವೆಂದು ಕರೆದ. ನದಿಯ ಎರಡೂ ದಡಗಳಲ್ಲಿ ಊರು. ನಡುವೆ ದೋಣಿಗಳನ್ನು ಸಾಲಾಗಿ ಜೋಡಿಸಿ ಕಟ್ಟಿದ ಸೇತುವೆ. ಕ್ರಿ.ಶ. 418ರಲ್ಲಿ ಚಕ್ರವರ್ತಿ ಹೊನೋರಿಯಸ್ ಹೊರಡಿಸಿದ ಆಜ್ಞೆಯಲ್ಲಿ, ಪೂರ್ವದೇಶ, ಅರೇಬಿಯ, ಆಫ್ರಿಕ, ಸ್ಪೇನ್ ಎಲ್ಲವುಗಳ ಸಂಪತ್ತೂ ಇಲ್ಲೇ ಹುಟ್ಟಿತೇನೋ ಎನ್ನುವಷ್ಟು ಆರ್ಲಿನಲ್ಲಿ ತುಂಬಿದೆಯೆಂಬ ಹೊಗಳಿಕೆಯಿದೆ. ರೋಮ್ ನಗರವೇ ಶತ್ರುಗಳ ಕೈಗೆ ಸಿಕ್ಕಿ ಸೂರೆಯಾದ ಎಂಟು ವರ್ಷಗಳ ಮೇಲಿನ ಮಾತು ಇದು.

ಈ ಸಂಪತ್ತನ್ನು ಹೊತ್ತವರ ಗುರುತು ನೆಲದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅದು ನೀರಿನ ಕೆಳಗಿತ್ತು. ರೇವಿನಲ್ಲಿ ಇಳಿಸುವಾಗ ಒಡೆದ ಜಾಡಿ, ಸವೆದ ಹಗ್ಗ, ಮುರಿದ ಹುಟ್ಟು, ತಿಂದು ಬಿಸುಟ ಮೂಳೆ, ಎಲ್ಲವನ್ನೂ ಆರ್ಲಿನವರು ನದಿಗೇ ಎಸೆಯುತ್ತಿದ್ದರು. ನದಿ ಹೂಳು ತಂದು ಅದರ ಮೇಲೆ ಹೊದಿಸುತ್ತಿತ್ತು. ಕೆಸರಿನೊಳಗೆ ಗಾಳಿಯಾಡದು, ಗಾಳಿಯಾಡದಲ್ಲಿ ಮರ ಕೊಳೆಯದು. ಹೀಗೆ ಒಂದು ಊರಿನ ತಿಪ್ಪೆ ಎರಡು ಸಾವಿರ ವರ್ಷ ಕೆಡದೆ ಉಳಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಲ್ಯುಕ್ ಲಾಂಗ್ ಎಂಬ ಪುರಾತತ್ತ್ವಜ್ಞರು ಮತ್ತು ಅವರ ಸಂಗಡಿಗರು, ಕೈ ಚಾಚಿದರೆ ಕೈ ಕಾಣದ ಆ ಕಲಕು ನೀರಿನಲ್ಲಿ ಮುಳುಗಿ ಈ ತಿಪ್ಪೆಯನ್ನು ಶೋಧಿಸುತ್ತ ಬಂದರು. 2007ರಲ್ಲಿ ಅವರಿಗೆ ಅಮೃತಶಿಲೆಯ ಒಂದು ತಲೆ ಸಿಕ್ಕಿತು. ಅದು ಸೀಸರನದೆಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಲ್ಲವೆನ್ನುವ ಪಂಡಿತರೂ ಇದ್ದಾರೆ.

ನನಗೆ ಆ ತಲೆಗಿಂತ ಹೆಚ್ಚಿನದಾಗಿ ಕಂಡದ್ದು ಅದೇ ವಸ್ತುಸಂಗ್ರಹಾಲಯದ ಇನ್ನೊಂದು ಕೋಣೆಯಲ್ಲಿರುವ ದೋಣಿ. 2004ರಲ್ಲಿ ಪತ್ತೆಯಾಗಿ, 2011ರಲ್ಲಿ ಮೇಲೆತ್ತಲ್ಪಟ್ಟು, 2013ರಿಂದ ಪ್ರದರ್ಶನಕ್ಕಿಟ್ಟಿರುವ ಈ ದೋಣಿಗೆ ವಿದ್ವಾಂಸರು 'ಆರ್ಲ್ ರೋನ್ 3' ಎಂದು ಹೆಸರಿಟ್ಟಿದ್ದಾರೆ. 31 ಮೀಟರು ಉದ್ದ, ಸುಮಾರು 3 ಮೀಟರು ಅಗಲ, ಚಪ್ಪಟೆ ತಳ. ಕ್ರಿ.ಶ. ಒಂದನೆಯ ಶತಮಾನದ ನಡುವೆ, ಇಪ್ಪತ್ತು ಟನ್ನಿಗೂ ಮಿಗಿಲಾದ ಸುಣ್ಣಕಲ್ಲಿನ ದಿಮ್ಮಿಗಳನ್ನು ಹೊತ್ತು ಹತ್ತಿರದ ಗಣಿಯಿಂದ ಬಂದ ಅದು ಆರ್ಲಿನ ದಡದಲ್ಲಿ ಮುಳುಗಿತು. ಹಠಾತ್ತನೆ ಬಂದ ಪ್ರವಾಹ ಮುಳುಗಿಸಿ, ಅದೇ ಪ್ರವಾಹದ ಹೂಳು ಮುಚ್ಚಿತೆಂದು ಊಹಿಸುತ್ತಾರೆ. ಹತ್ತು ತುಂಡುಗಳಾಗಿ ಕತ್ತರಿಸಿ ಮೇಲೆತ್ತಿ, ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ದ್ರವ್ಯವನ್ನು ಊಡಿಸಿ, ಶೀತದಲ್ಲಿ ಒಣಗಿಸಿ, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ.

ದೋಣಿಯ ಮುಂಭಾಗದಲ್ಲಿ ಹಾಯಿಯ ಕಂಬವಲ್ಲ, ಎಳೆಯುವ ಹಗ್ಗವನ್ನು ಕಟ್ಟುವ ಗಿಡ್ಡ ಕಂಬ. ಹಿಂಭಾಗದಲ್ಲಿ ಅಡುಗೆಯ ಜಾಗ: ಒಡೆದುಹೋದ ದೊಡ್ಡ ಗುಡಾಣವೊಂದನ್ನು ಒಲೆಯಾಗಿ ಮಾಡಿಕೊಂಡಿದ್ದಾರೆ. ಪಕ್ಕದಲ್ಲಿ ಪುಳ್ಳೆ ಸವರುವ ಕುಡುಗೋಲು, ಒಂದೆರಡು ತಟ್ಟೆ ಬೋಗುಣಿ. ಮೂತಿಯ ಹಲಗೆಗಳ ಸಂದಿಯಲ್ಲಿ ಚಿಕ್ಕದೊಂದು ಬೆಳ್ಳಿಯ ನಾಣ್ಯ, ದೋಣಿಗೆ ಕೇಡು ತಟ್ಟದಿರಲೆಂದು ಕಟ್ಟಿದವರು ಇಟ್ಟದ್ದು. ನಾನು ಆ ಒಲೆಯ ಮುಂದೆ ಬಹಳ ಹೊತ್ತು ನಿಂತೆ. ಅದರ ಒಳಮೈ ಮಸಿಯಿಂದ ಕಪ್ಪಾಗಿತ್ತು. ರಂಗಮಂದಿರದ ಕಲ್ಲುಗಳಲ್ಲಿ ಕಾಣದ ಮನುಷ್ಯ ಆ ಮಸಿಯಲ್ಲಿ ಕಂಡ. ಅಂಥ ಕಟ್ಟಡಗಳಿಗೆ ಕಲ್ಲು ತಂದು ಹಾಕಿದವನು ಇವನು. ಇವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇವನು ಗಂಜಿ ಕಾಯಿಸಿದ ಒಲೆಯನ್ನು ಮಾತ್ರ ಕೆಸರು ಉಳಿಸಿಕೊಟ್ಟಿದೆ.

ನಗರವನ್ನು ಬೆಳೆಸಿದ ನದಿಯೇ ಸಮುದ್ರವನ್ನು ಅದರಿಂದ ದೂರ ದೂಡುತ್ತಲೂ ಹೋಯಿತು. ಪ್ರತಿ ನೆರೆಯೂ ಅಳಿವೆಯಲ್ಲಿ ಹೊಸ ನೆಲವನ್ನು ಕೂಡಿಸುತ್ತಿತ್ತು. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ಒಂಬತ್ತನೆಯ ಲೂಯಿ ಕಮಾರ್ಗಿನ ಪಶ್ಚಿಮದಂಚಿನಲ್ಲಿ ಏಗ್‌ಮಾರ್ತ್ ಎಂಬ ರೇವನ್ನು ಕಟ್ಟಿಸಿ, 1248ರಲ್ಲಿ ಅಲ್ಲಿಂದಲೇ ಧರ್ಮಯುದ್ಧಕ್ಕೆ ಹಡಗೇರಿದ. ಇಂದು ಅದರ ಕೋಟೆಯ ಗೋಡೆಗಳ ಸುತ್ತ ಜೌಗು ಮತ್ತು ಉಪ್ಪಿನಾಗರ. 1711ರ ಪ್ರವಾಹದಲ್ಲಿ ಹಿರಿಯ ರೋನ್ ತನ್ನ ಕೊನೆಯ ಹರಿವಿನ ಪಾತ್ರವನ್ನೇ ಬದಲಿಸಿ ಪೂರ್ವಕ್ಕೆ ಹೊರಳಿತು. 1737ರಲ್ಲಿ ಹೊಸ ಅಳಿವೆಯ ಬಾಯಲ್ಲಿ ಕಟ್ಟಿದ ಕಾವಲುಗೋಪುರ ಈಗ ಸಮುದ್ರದಿಂದ ಹಲವು ಕಿಲೋಮೀಟರು ಒಳಗಿದೆ. ಹೂಳನ್ನು ತಪ್ಪಿಸಲು ಆರ್ಲಿನಿಂದ ಬೂಕ್ ಎಂಬ ರೇವಿಗೆ ಕಾಲುವೆ ತೋಡಿ 1834ರಲ್ಲಿ ತೆರೆದರು. ಮಾರಿಯಸನ ಉಪಾಯವನ್ನೇ ಎರಡು ಸಾವಿರ ವರ್ಷಗಳ ಮೇಲೆ ಮತ್ತೊಮ್ಮೆ ಮಾಡಿದಂತಾಯಿತು. ಅದರಿಂದ ಪ್ರಯೋಜನ ಹೆಚ್ಚು ಕಾಲ ಒದಗಲಿಲ್ಲ. 1840ರ ದಶಕದ ಕೊನೆಗೆ ರೈಲು ಬಂತು. ಸರಕು ನದಿಯನ್ನು ಬಿಟ್ಟು ಹಳಿಯನ್ನು ಹಿಡಿಯಿತು. ದೋಣಿಯವರ ಮಕ್ಕಳು ರೈಲಿನ ಕಾರ್ಖಾನೆಯನ್ನು ಸೇರಿದರು. ಆ ಕಾರ್ಖಾನೆಯೂ 1984ರಲ್ಲಿ ಮುಚ್ಚಿತು. ಅದರ ಬಯಲಿನಲ್ಲಿ 2021ರಲ್ಲಿ ತೆರೆದ, ಉಕ್ಕಿನ ಹಲಗೆಗಳು ಹೊಳೆಯುವ ಕಲಾಗೋಪುರ ಈಗ ನಿಂತಿದೆ.

ರೋನಿನ ದೋಣಿಕಾರರು ಮರೆಯಾಗುವ ಕಾಲಕ್ಕೆ ಇಬ್ಬರು ದೊಡ್ಡವರು ಅವರನ್ನು ಕಂಡರು. ಒಬ್ಬರು ಪ್ರೊವೆನ್ಸಾಲ್ ಭಾಷೆಯ ಕವಿ ಫ್ರೆದೆರಿಕ್ ಮಿಸ್ತ್ರಾಲ್. ರಾಜಧಾನಿಯ ಭಾಷೆಯ ಒತ್ತಡದಲ್ಲಿ ಸೊರಗುತ್ತಿದ್ದ ತಾಯ್ನುಡಿಯಲ್ಲಿಯೇ ಬರೆದು 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಆ ಹಣವನ್ನು ಆರ್ಲಿನಲ್ಲಿ ತಾವು ಸ್ಥಾಪಿಸಿದ್ದ ಜನಪದ ವಸ್ತುಸಂಗ್ರಹಾಲಯಕ್ಕೆ ಸುರಿದವರು. 1897ರಲ್ಲಿ ಅವರು ಪ್ರಕಟಿಸಿದ ರೋನ್ ಕಾವ್ಯದಲ್ಲಿ ಕುದುರೆಗಳು ಎಳೆಯುವ ದೋಣಿಗಳ ಸಾಲೊಂದು ಉಗಿಹಡಗಿಗೆ ಸಿಕ್ಕಿ ನಾಶವಾಗುತ್ತದೆ. ಇನ್ನೊಬ್ಬ ಚಿತ್ರಕಾರ ವಾನ್ ಗೋ. 1888ರ ಫೆಬ್ರವರಿಯಿಂದ 1889ರ ಮೇ ತಿಂಗಳವರೆಗೆ ಆರ್ಲಿನಲ್ಲಿದ್ದ ಅವನು ನಕ್ಷತ್ರಗಳು ಹೊಳೆಯುವ ರೋನನ್ನು ಬರೆದದ್ದು ಎಲ್ಲರಿಗೂ ಗೊತ್ತು. ಕಲ್ಲಿದ್ದಲು ಇಳಿಸುವ ದೋಣಿಗಳನ್ನೂ, ಮರಳು ಹೊರುವ ಆಳುಗಳನ್ನೂ ಅವನು ಅಷ್ಟೇ ಪ್ರೀತಿಯಿಂದ ಬರೆದಿದ್ದಾನೆ.

ಆರ್ಲಿನಿಂದ ಕಮಾರ್ಗಿನೊಳಕ್ಕೆ ನಾನು ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಬತ್ತದ ಗದ್ದೆ. ಫ್ರಾನ್ಸಿನಲ್ಲಿ ಬತ್ತವೇ ಎಂದು ಕೇಳುಗರಿಗೆ ಆಶ್ಚರ್ಯವಾಗಬಹುದು. ಇದರ ಹಿಂದೆ ನೀರಿನ ಕಥೆಯೂ ಇದೆ, ಮನುಷ್ಯರ ಕಥೆಯೂ ಇದೆ. 1856ರ ಭಾರಿ ಪ್ರವಾಹದ ಅನಂತರ ನದಿಯ ಎರಡು ಕವಲುಗಳಿಗೂ ಎತ್ತರದ ಏರಿ ಹಾಕಿದರು. 1859ರ ಹೊತ್ತಿಗೆ ಸಮುದ್ರದ ಕಡೆಗೂ ಒಡ್ಡು ಕಟ್ಟಿದರು. ನೆರೆ ನಿಂತಿತು. ನೆರೆಯ ಜೊತೆಗೆ ಸಿಹಿನೀರೂ ಹೂಳೂ ನಿಂತವು. ಬೇಸಗೆಯ ಬಿಸಿಲಿಗೆ ನೆಲದಡಿಯ ಉಪ್ಪು ಮೇಲೇರಿತು. ಅದನ್ನು ಮತ್ತೆ ಕೆಳಗಿಳಿಸಬೇಕಾದರೆ ನದಿಯ ಸಿಹಿನೀರನ್ನು ಎತ್ತಿ ಹೊಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಕು. ನಿಂತ ನೀರಿನಲ್ಲಿ ಬೆಳೆಯುವ ಪೈರು ಬತ್ತ.

ಆ ಬತ್ತದ ಬೇಸಾಯಕ್ಕೆ ಬಲ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1939 ಮತ್ತು 1940ರಲ್ಲಿ ಫ್ರೆಂಚ್ ಸರ್ಕಾರವು ತನ್ನ ವಸಾಹತಾಗಿದ್ದ ವಿಯೆಟ್ನಾಮಿನಿಂದ ಸುಮಾರು 20,000 ಮಂದಿಯನ್ನು, ಬಹುಪಾಲು ಬಲವಂತದಿಂದಲೇ, ಮದ್ದುಗುಂಡಿನ ಕಾರ್ಖಾನೆಗಳ ಕೂಲಿಗೆಂದು ಕರೆಸಿಕೊಂಡಿತ್ತು. ಫ್ರಾನ್ಸ್ ಸೋತಾಗ ಇವರು ಹಿಂದಿರುಗುವ ದಾರಿಯಿಲ್ಲದೆ ಸಿಕ್ಕಿಬಿದ್ದರು. ಅವರಲ್ಲಿ ಕೆಲವು ನೂರು ಜನರನ್ನು ಕಮಾರ್ಗಿನ ಉಪ್ಪಿನಾಗರಗಳಿಗೂ ಗದ್ದೆಗಳಿಗೂ ಕಳುಹಿಸಿದರು. ನಾಟಿಯ ಕೈ ಅವರದು. ಕಮಾರ್ಗಿನ ಅಕ್ಕಿಗೆ ಹೆಸರು ಬಂದದ್ದು ಆಮೇಲೆ. ಯುದ್ಧ ಮುಗಿದ ಎಷ್ಟೋ ವರ್ಷಗಳವರೆಗೆ ಅವರಲ್ಲಿ ಅನೇಕರಿಗೆ ಊರಿಗೆ ಮರಳಲು ಹಡಗು ದೊರೆಯಲಿಲ್ಲ. ಸಾಲಿನ್-ದ-ಜಿರೋ ಎಂಬ ಉಪ್ಪಿನ ಊರಿನಲ್ಲಿ ಅವರ ನೆನಪಿಗೆ ಒಂದು ಸ್ಮಾರಕ ನಿಂತದ್ದು 2014ರಲ್ಲಿ. ರೋಮನ್ ದೋಣಿಯ ಆಳಿಗಿಂತ ಇವರು ಬೇಗ ನೆನಪಿಗೆ ಬಂದರು. ಹಾಗಾದರೂ ಎಪ್ಪತ್ತು ವರ್ಷ ಬೇಕಾಯಿತು.

ಕಮಾರ್ಗಿನ ಕೊನೆಯಲ್ಲಿ, ಸಮುದ್ರದ ತಡಿಯಲ್ಲಿ, ಸೇಂತ್-ಮರೀ-ದ-ಲ-ಮೇರ್ ಎಂಬ ಹಳ್ಳಿಯಿದೆ. ವರ್ಷವರ್ಷವೂ ಮೇ 24ರಂದು ಯೂರೋಪಿನ ನಾನಾ ಕಡೆಗಳಿಂದ ಜಿಪ್ಸಿಗಳು ಅಲ್ಲಿ ಸೇರಿ, ಸಾರಾ ಎಂಬ ತಮ್ಮ ಕಪ್ಪು ಮೈಯ ದೇವಿಯ ವಿಗ್ರಹವನ್ನು ಸಮುದ್ರದವರೆಗೆ ಹೊತ್ತೊಯ್ಯುತ್ತಾರೆ. ಈ ಜನರ ರೋಮಾನಿ ಭಾಷೆಯ ಬೇರು ಭಾರತದಲ್ಲಿದೆ. ಅವರಲ್ಲಿ ನೀರಿಗೆ 'ಪಾನಿ', ಮೂಗಿಗೆ 'ನಾಕ್', ಎರಡಕ್ಕೆ 'ದುಯಿ'. ಸಾರಾದೇವಿಗೆ ಅವರು ಕೊಟ್ಟ ಬಿರುದು 'ಕಾಲಿ', ಎಂದರೆ ಕಪ್ಪಾದವಳು.

ಇದೇ ಹಳ್ಳಿಗೆ ನಮ್ಮೊಡನೆ ಮತ್ತೊಂದು ನಂಟೂ ಉಂಟು. 1962ರಲ್ಲಿ, ಕಮಾರ್ಗಿನಲ್ಲಿ ಪಕ್ಷಿಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದ ಲ್ಯುಕ್ ಹೋಫ್ಮನ್ ಅವರ ಪ್ರಯತ್ನದಿಂದ, ಜೌಗುಭೂಮಿಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಇಲ್ಲಿ ನಡೆಯಿತು. ಅಲ್ಲಿ ಮೊಳೆತ ಆಲೋಚನೆಯೇ 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಒಪ್ಪಂದವಾಗಿ ರೂಪುಗೊಂಡಿತು. ನಮ್ಮ ಕಾವೇರಿಯ ರಂಗನತಿಟ್ಟು 2022ರಲ್ಲಿ ಆ ಒಪ್ಪಂದದ ಪಟ್ಟಿಗೆ ಸೇರಿತು. ರಂಗನತಿಟ್ಟಿನ ಕೊಕ್ಕರೆಗೂ ಕಮಾರ್ಗಿನ ರಾಜಹಂಸಕ್ಕೂ ಇರುವ ಕಾಗದದ ಆಸರೆ ಒಂದೇ ಎಂದಾಯಿತು.

ಆದರೆ ಕಮಾರ್ಗಿಗೆ ಇಂದು ಬೇಕಾಗಿರುವುದು ಕಾಗದವೊಂದೇ ಅಲ್ಲ, ಹೂಳು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಬೆಟ್ಟಗಳಲ್ಲಿ ಕಾಡು ಮತ್ತೆ ಬೆಳೆದು ಮಣ್ಣು ಹಿಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ರೋನಿಗೂ ಅದರ ಉಪನದಿಗಳಿಗೂ ಅಣೆಕಟ್ಟುಗಳ ಸಾಲೇ ಬಂತು. ಮೆಕ್ಕಲು ಮೇಲೆಯೇ ಉಳಿಯುತ್ತದೆ. ಕೆಳಗೆ ಸಮುದ್ರ ಏರುತ್ತಿದೆ. ಮಾರಿಯಸನಿಂದ ಮೊದಲಾಗಿ ಎಲ್ಲರೂ ಶಪಿಸಿದ ಆ ಕೆಸರು ಈಗ ಬಾರದಿರುವುದೇ ಸಂಕಟವಾಗಿದೆ. ಸೇಂತ್-ಮರೀ ಹಳ್ಳಿಯ ಮುಂದೆ ಕಡಲಿಗೆ ಅಡ್ಡಲಾಗಿ ಬಂಡೆಗಳ ಒಡ್ಡುಗಳನ್ನು ಹಾಕಿದ್ದಾರೆ. ಇನ್ನೊಂದು ಕಡೆ, ಉಪ್ಪಿನ ಕಂಪನಿ ಬಿಟ್ಟುಕೊಟ್ಟ ಸುಮಾರು 6,500 ಹೆಕ್ಟೇರು ಆಗರಗಳನ್ನು 2008ರಿಂದ ಮುಂದಕ್ಕೆ ಸರ್ಕಾರದ ಕರಾವಳಿ ರಕ್ಷಣಾ ಸಂಸ್ಥೆ ಕೊಂಡುಕೊಂಡಿದೆ. ಅಲ್ಲಿ ಸಮುದ್ರದ ಒಡ್ಡು ಮುರಿದರೆ ಮತ್ತೆ ಕಟ್ಟುವುದಿಲ್ಲ. ಕಡಲು ಬರುವುದಾದರೆ ಬರಲಿ ಎಂದು ಬಿಟ್ಟಿದ್ದಾರೆ. ಬದಲಿಗೆ ಅದರ ಹಿಂದೆ, ಒಳನಾಡಿನಲ್ಲಿ, ನೆಲವನ್ನೂ ಜನರನ್ನೂ ಕಾಯುವ ಯೋಚನೆ. ಇದಕ್ಕೆ ಒಪ್ಪದವರೂ ಅಲ್ಲಿ ಬಹಳ ಮಂದಿ. ಅಪ್ಪ ಅಜ್ಜ ಕಟ್ಟಿದ ಏರಿಯನ್ನು ಸಮುದ್ರಕ್ಕೆ ಬಿಟ್ಟುಕೊಡುವುದು ಸೋಲೆಂದು ಅವರಿಗೆ ತೋರುತ್ತದೆ.

ಎರಡು ಪಕ್ಷಗಳ ಮಾತನ್ನೂ ನಾನು ಕೇಳಿದೆ. ಯಾರದು ಸರಿಯೆಂದು ಹೊರಗಿನವನಾದ ನಾನು ತೀರ್ಪು ಹೇಳಲಾರೆ. ಒಂದನ್ನು ಮಾತ್ರ ಹೇಳಬಲ್ಲೆ. ರೋನ್ ನದಿ ಇಷ್ಟು ಕಾಲ ಎರಡು ಕೆಲಸಗಳನ್ನು ಮಾಡಿಕೊಂಡು ಬಂದಿತ್ತು: ಬದುಕುವವರಿಗೆ ನೆಲ ಕೊಡುವುದು, ಬದುಕಿ ಹೋದವರ ಗುರುತನ್ನು ಕಾಪಿಡುವುದು. ಎರಡಕ್ಕೂ ಅದರ ಕೈಯಲ್ಲಿದ್ದ ಸಾಧನ ಒಂದೇ, ಹೊಳೆಯ ಕೆಸರು. ಅದನ್ನು ಕಸವೆಂದು ತಡೆದು ನಿಲ್ಲಿಸಿರುವ ಎಲ್ಲ ನದಿಗಳ ಜನರೂ, ನಾವೂ ಸೇರಿ, ಆರ್ಲಿನ ವಸ್ತುಸಂಗ್ರಹಾಲಯದಲ್ಲಿರುವ ಆ ಮಸಿ ಹಿಡಿದ ಒಲೆಯನ್ನು ಒಮ್ಮೆ ನೋಡಬೇಕು.